ಹಳೆ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಬಿಚ್ಚುವ ಮೊದಲು ಅದರ ಬೀಗ ತೆಗೆಯುವ 48 ಅಂಕಿ ಹುಡುಕಿಟ್ಟುಕೊಳ್ಳಿ

ನಿನ್ನೆ ರಾತ್ರಿ ಅಪ್ಪನ ಮೇಜಿನ ಮೇಲೆ ಅವರ ಬರಹ ಮತ್ತೆ ತೆರೆದುಕೊಂಡಿತು. ಆರು ವಾರದ ಓಡಾಟ ಮುಗಿಯಿತು. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಒಂದು ಲ್ಯಾಪ್‌ಟಾಪಿನ ಎಸ್‌ಎಸ್‌ಡಿ, ಅಂದರೆ ಫೈಲುಗಳೆಲ್ಲ ಇರುವ ಡಿಸ್ಕ್, ತೆಗೆದು ಇನ್ನೊಂದಕ್ಕೆ ಹಾಕುವುದು ಹೇಗೆ ಅಂತ ಹುಡುಕಿದರೆ ಸ್ಕ್ರೂ ಬಿಚ್ಚುವ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ನನಗೆ ಸ್ಕ್ರೂ ಬಿಚ್ಚಲು ಹಿಡಿದದ್ದು ಇಪ್ಪತ್ತು ನಿಮಿಷ. ಉಳಿದ ದಿನಗಳು ಎಲ್ಲಿ ಹೋದವು ಅನ್ನುವುದೇ ಈ ಕಥೆ.

ಲ್ಯಾಪ್‌ಟಾಪ್ 2021ರ ಜುಲೈನಲ್ಲಿ ತಂಗಿಯ ಆನ್‌ಲೈನ್ ಕ್ಲಾಸಿಗೆ ಅಂತ ಮೈಸೂರಿನಲ್ಲಿ ತೆಗೆದುಕೊಂಡದ್ದು. ಅವಳು ಓದು ಮುಗಿಸಿ ಜರ್ಮನಿಗೆ ಹೋದ ಮೇಲೆ ಅದು ಅಪ್ಪನ ಪಾಲಿಗೆ ಬಂತು. ಅಪ್ಪ ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಗಳಲ್ಲಿ 34 ವರ್ಷ ಮೇಷ್ಟ್ರಾಗಿದ್ದವರು. ಎರಡು ವರ್ಷದಿಂದ ಆ ದಿನಗಳ ನೆನಪನ್ನು 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ದಿನಕ್ಕೆ ಒಂದು ಪುಟ, ಕೈ ನೋವಿದ್ದರೆ ಅರ್ಧ. 140 ಪುಟ ಆಗಿತ್ತು. ಅದರ ನಕಲು ಬೇರೆಲ್ಲೂ ಇರಲಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ, ಹಾಕಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಮೇ 28ರ ಸಂಜೆ ಗುಡುಗು ಮಳೆ. ಚಾರ್ಜರ್ ಪ್ಲಗ್ಗಿನಲ್ಲೇ ಇತ್ತು. ಕರೆಂಟು ಹೋಗಿ ಬಂತು, ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಮದರ್‌ಬೋರ್ಡ್ ಹೋಗಿದೆ, ಬದಲಿಸಲು 24,000 ರೂಪಾಯಿ ಮೇಲೆ ಜಿಎಸ್‌ಟಿ ಅಂದರು. ನೋಡಿದ್ದಕ್ಕೆ 590 ಕೊಟ್ಟು ವಾಪಸ್ ತಂದೆ. ಐದು ವರ್ಷದ ಹತ್ತಿರದ ಲ್ಯಾಪ್‌ಟಾಪಿಗೆ ಅಷ್ಟು ಹಾಕಲು ಮನಸ್ಸಾಗಲಿಲ್ಲ. ಅವರು ಹೇಳಿದ ಒಂದು ಮಾತು ಮಾತ್ರ ಸಮಾಧಾನ ಕೊಟ್ಟಿತು: 'ಎಸ್‌ಎಸ್‌ಡಿ ಬೋರ್ಡಿಗೆ ಬೆಸುಗೆ ಹಾಕಿಲ್ಲ ಮೇಡಂ, ಬಿಚ್ಚಬಹುದು.' ತೆಳುವಾದ ಕೆಲವು ಮಾಡೆಲ್‌ಗಳಲ್ಲಿ ಎಸ್‌ಎಸ್‌ಡಿಯ ಚಿಪ್ ಬೋರ್ಡಿನ ಮೇಲೇ ಇರುತ್ತದೆ. ಅಂಥದ್ದಾದರೆ ಬಿಚ್ಚುವ ಮಾತೇ ಇಲ್ಲ. ನಿಮ್ಮದು ಯಾವುದು ಅಂತ ಮೊದಲು ಮಾಡೆಲ್ ನಂಬರ್ ಹಾಕಿ ನೋಡಿಕೊಳ್ಳಿ.

ಪರಿಚಯದವರ ಮೂಲಕ 19,500 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಿಕ್ಕಿತು. ಇಂಟೆಲ್‌ನ 10ನೇ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ವಿಂಡೋಸ್ 11 ಹೋಮ್. ಕೊಳ್ಳುವ ಮುಂಚೆ ಎರಡು ವಿಷಯ ಕೇಳಿದ್ದೆ. ಒಂದು, ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇದೆಯಾ, ಅದು ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ತೆಗೆದುಕೊಳ್ಳುತ್ತದಾ. ಎರಡು, ಎಷ್ಟು ಉದ್ದದ ಕಾರ್ಡ್ ಹಿಡಿಯುತ್ತದೆ. ಎಸ್‌ಎಸ್‌ಡಿ ಮೇಲೆ 2280 ಅಂತ ಇದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ ಅರ್ಥ. 2230 ಅಂದರೆ ಉದ್ದ 30 ಮಾತ್ರ. ಗಿಡ್ಡ ಕಾರ್ಡನ್ನು ಉದ್ದದ ಜಾಗಕ್ಕೆ ಹಾಕಲು ಸಣ್ಣ ಬ್ರ್ಯಾಕೆಟ್ ಸಿಗುತ್ತದೆ. ಉದ್ದದ್ದನ್ನು ಗಿಡ್ಡ ಜಾಗಕ್ಕೆ ಹಾಕಲು ಆಗುವುದಿಲ್ಲ. ನಮ್ಮದು 512 ಜಿಬಿಯ 2280, ಎರಡರಲ್ಲೂ ಅದೇ ಅಳತೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆ ಬಿಳಿ ಪಂಚೆ ಹಾಸಿ ಬಿಚ್ಚಲು ಕೂತೆ. 350 ರೂಪಾಯಿಯ ಸಣ್ಣ ಸ್ಕ್ರೂಡ್ರೈವರ್ ಸೆಟ್ ಸಾಕಾಯಿತು. ಒಂದು ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿದೆ. ಇದನ್ನು ತಪ್ಪದೆ ಮಾಡಿ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹಿಂದಿನ ಸಾಲಿನ ಸ್ಕ್ರೂ ಉದ್ದ, ಮುಂದಿನದು ಗಿಡ್ಡ ಇರುತ್ತದೆ. ಉದ್ದದ್ದನ್ನು ಮುಂದೆ ಹಾಕಿ ತಿರುಗಿಸಿದರೆ ಕೈ ಇಡುವ ಜಾಗ ಉಬ್ಬಿ ಬರುತ್ತದೆ. ಸ್ಕ್ರೂ ಎಲ್ಲ ತೆಗೆದ ಮೇಲೂ ಕವರ್ ಬರುವುದಿಲ್ಲ, ಒಳಗೆ ಪ್ಲಾಸ್ಟಿಕ್ ಕೊಂಡಿಗಳಿರುತ್ತವೆ. ಹಳೆಯ ಎಟಿಎಂ ಕಾರ್ಡ್ ತೂರಿಸಿ ಸುತ್ತಲೂ ನಿಧಾನವಾಗಿ ಸರಿಸುತ್ತಾ ಹೋದೆ. ಟಕ್ ಟಕ್ ಅಂತ ಬಿಡುವಾಗ ಏನೋ ಮುರಿಯಿತು ಅಂತಲೇ ಅನಿಸುತ್ತದೆ. ಮುರಿದಿರಲಿಲ್ಲ.

ಕವರ್ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಅದಕ್ಕೂ ಮೊದಲು ನೆಲಕ್ಕೆ ಸೇರಿದ ಲೋಹದ ನಲ್ಲಿಯಂಥದ್ದನ್ನು ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಎಸ್‌ಎಸ್‌ಡಿಗೆ ಇರುವುದು ಒಂದೇ ಪುಟ್ಟ ಸ್ಕ್ರೂ. ಅದನ್ನು ತೆಗೆದರೆ ಕಾರ್ಡ್ ತಾನಾಗಿ ಒಂದು ಕಡೆ ಮೇಲೇಳುತ್ತದೆ. ಹಾಗೇ ಓರೆಯಾಗಿ ಹೊರಗೆ ಎಳೆದರೆ ಆಯಿತು. ಕೈಯಲ್ಲಿ ಹಿಡಿದಾಗ ಏನೂ ತೂಕವೇ ಇಲ್ಲ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. 'ಇಷ್ಟರೊಳಗೆ ಇದೆಯಾ ಅದೆಲ್ಲ?' ಅಂತ ಕೇಳಿದರು. ಇದೆ ಅಪ್ಪ ಅಂದೆ.

ಹೊಸದರೊಳಗೆ ಹಾಕುವ ಮೊದಲು ಒಮ್ಮೆ ಹೊರಗಿನಿಂದ ಯುಎಸ್‌ಬಿಗೆ ಜೋಡಿಸಿ ನಕಲು ತೆಗೆಯೋಣ ಅಂದುಕೊಂಡೆ. ಎಸ್‌ಎಸ್‌ಡಿ ಎನ್‌ಕ್ಲೋಜರ್ ಅಂತ ಒಂದು ಪುಟ್ಟ ಡಬ್ಬಿ ಸಿಗುತ್ತದೆ. ಅಂಗಡಿಯಲ್ಲಿ 'ಎಂ.2 ಎಸ್‌ಎಸ್‌ಡಿಗೆ ಡಬ್ಬಿ ಕೊಡಿ' ಅಂತ ಮಾತ್ರ ಕೇಳಿ 650 ರೂಪಾಯಿಯದು ತಂದೆ. ಹಾಕಿದರೆ ಲ್ಯಾಪ್‌ಟಾಪಿಗೆ ಏನೂ ಕಾಣಿಸಲಿಲ್ಲ. ಎಸ್‌ಎಸ್‌ಡಿಯೂ ಸುಟ್ಟುಹೋಗಿದೆ ಅಂತ ನನ್ನ ಎದೆ ಒಡೆದುಹೋಯಿತು. ಅವತ್ತು ರಾತ್ರಿ ನಿದ್ದೆ ಇಲ್ಲ. ವಿಷಯ ಇಷ್ಟೇ: ಎಂ.2 ಅನ್ನುವುದು ಆಕಾರದ ಹೆಸರು. ಆ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಇವೆರಡೂ ಕಂಪ್ಯೂಟರಿನ ಜೊತೆ ಮಾತಾಡುವ ರೀತಿ ಬೇರೆ. ನಾನು ತಂದದ್ದು ಸಾಟಾ ಡಬ್ಬಿ, ನಮ್ಮದು ಎನ್‌ವಿಎಂಇ. ಚಿನ್ನದ ಬಣ್ಣದ ಹಲ್ಲುಗಳ ಕಡೆ ನೋಡಿ. ಸಾಮಾನ್ಯವಾಗಿ ಎನ್‌ವಿಎಂಇಗೆ ಒಂದೇ ಕಚ್ಚು ಇರುತ್ತದೆ, ಸಾಟಾಕ್ಕೆ ಎರಡು. ಇನ್ನೂ ಖಾತರಿ ಬೇಕಾದರೆ ಮೇಲಿನ ಲೇಬಲ್ಲಿನ ಮಾಡೆಲ್ ನಂಬರ್ ಹಾಕಿ ನೋಡಿ. ಮಾರನೇ ದಿನ ಎನ್‌ವಿಎಂಇ ಡಬ್ಬಿಗೆ 1,450 ಕೊಟ್ಟೆ. ಎರಡನ್ನೂ ತೆಗೆದುಕೊಳ್ಳುವ ಡಬ್ಬಿಗಳೂ ಇವೆ, ಗೊಂದಲ ಇದ್ದರೆ ಅದನ್ನೇ ಕೇಳಿ.

ಈ ಸಲ ಡ್ರೈವ್ ಕಾಣಿಸಿತು. ಪಕ್ಕದಲ್ಲಿ ಹಳದಿ ಬೀಗ. ಕ್ಲಿಕ್ ಮಾಡಿದರೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅಂತ ಕೇಳಿತು. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ.

ನಾವ್ಯಾರೂ ಬೀಗ ಹಾಕಿರಲಿಲ್ಲ. ಹುಡುಕಿ ಓದಿದ ಮೇಲೆ ಗೊತ್ತಾಯಿತು. ಈಚಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ, ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಈ ಬೀಗ, ಡಿವೈಸ್ ಎನ್‌ಕ್ರಿಪ್ಶನ್ ಅನ್ನುವ ಹೆಸರಿನಲ್ಲಿ, ತಾನಾಗಿ ಆನ್ ಆಗುತ್ತದೆ. ಲ್ಯಾಪ್‌ಟಾಪ್ ಕಳುವಾದರೆ ಡಿಸ್ಕ್ ಬಿಚ್ಚಿ ಯಾರೂ ಓದಬಾರದು ಅಂತ ಇರುವ ಏರ್ಪಾಡು. ದಿನನಿತ್ಯ ಬೀಗ ತೆಗೆಯುವ ಕೀಲಿಯನ್ನು ಆ ಲ್ಯಾಪ್‌ಟಾಪಿನದೇ ಟಿಪಿಎಂ ಅನ್ನುವ ಭದ್ರತೆಯ ಚಿಪ್ ಕಾಯುತ್ತದೆ. ಹಾಗಾಗಿ ಅದೇ ಯಂತ್ರದಲ್ಲಿ ಇರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಬೇರೆ ಯಂತ್ರಕ್ಕೆ ಹೋದ ಕ್ಷಣ ಬೀಗ ಮುಂದೆ ಬರುತ್ತದೆ. ನಾನು 24,000 ಕೊಟ್ಟು ಮದರ್‌ಬೋರ್ಡ್ ಬದಲಿಸಿದ್ದರೂ ಇದೇ 48 ಅಂಕಿ ಕೇಳುತ್ತಿತ್ತು.

ನಿಮ್ಮ ಹಳೆ ಲ್ಯಾಪ್‌ಟಾಪ್ ಇನ್ನೂ ಉಸಿರಾಡುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಈ ಕೆಲಸ ಮುಗಿಸಿ ಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿ, ಅದರಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ಆನ್ ಇದ್ದರೆ ಆಫ್ ಮಾಡಿ, ಪೂರ್ತಿ ಬಿಡಿಸುವ ತನಕ ಚಾರ್ಜರ್ ಹಾಕಿಟ್ಟು ಕಾಯಿರಿ. ಆಮೇಲೆ ಡಿಸ್ಕ್ ಎಲ್ಲಿಗೆ ಹೋದರೂ ಬೀಗ ಕೇಳುವುದಿಲ್ಲ. ಆಫ್ ಮಾಡಲು ಇಷ್ಟವಿಲ್ಲ ಅಂದರೆ ಕೀಲಿಯನ್ನಾದರೂ ಕಾಗದದ ಮೇಲೆ ಬರೆದಿಡಿ.

ಕೀಲಿ ಸಿಗುವುದು ಆ ಲ್ಯಾಪ್‌ಟಾಪಿಗೆ ಮೊದಲು ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ನನ್ನ ಖಾತೆಯಲ್ಲಿ ನೋಡಿದೆ, ಇರಲಿಲ್ಲ. ಅಪ್ಪನಿಗೆ ಖಾತೆಯೇ ಇಲ್ಲ. ಆಗ ಹೊಳೆಯಿತು, ತಂಗಿಯದು. ಅವಳಿಗೆ ಫೋನ್ ಮಾಡಿದೆ. 'ಪಾಸ್‌ವರ್ಡ್ ನೆನಪಿದೆ ಅಕ್ಕಾ, ಒಂದು ನಿಮಿಷ' ಅಂದಳು. ಲಾಗಿನ್ ಆಯಿತು. ಆದರೆ ಕೀಲಿ ತೋರಿಸುವ ಮೊದಲು ಇನ್ನೊಂದು ಕೋಡ್ ಬೇಕು, ಅದು ಹೋಗುವುದು ಅವಳ ಹಳೆಯ ಭಾರತದ ನಂಬರಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಎರಡು ವರ್ಷದ ಹಿಂದೆಯೇ ಬಂದ್ ಆಗಿತ್ತು. ಆ ನಂಬರಿಗೆ ಫೋನ್ ಮಾಡಿ ನೋಡಿದೆ, ಬೇರೆ ಯಾರೋ ಎತ್ತಿದರು. ಕೋಡ್ ಕೇಳುವುದು ಸರಿಯಲ್ಲ ಅನಿಸಿ ಕ್ಷಮೆ ಕೇಳಿ ಇಟ್ಟೆ. ಎರಡನೇ ದಾರಿಯಾಗಿ ಇದ್ದದ್ದು ಅವಳ ಕಾಲೇಜಿನ ಇಮೇಲ್. ಕಾಲೇಜು ಬಿಟ್ಟ ಮೇಲೆ ಅದೂ ಇಲ್ಲ.

ಉಳಿದ ದಾರಿ ಒಂದೇ. ಹಳೆ ನಂಬರ್, ಇಮೇಲ್ ನನ್ನ ಬಳಿ ಇಲ್ಲ ಅಂತ ಹೇಳಿ ಹೊಸದನ್ನು ಸೇರಿಸುವುದು. ಹಾಗೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ 30 ದಿನ ಕಾಯಬೇಕು. ಯಾರಾದರೂ ಕಳ್ಳರು ಬದಲಿಸಲು ನೋಡಿದರೆ ಖಾತೆಯ ನಿಜವಾದ ಒಡೆಯರಿಗೆ ತಡೆಯಲು ಸಮಯ ಸಿಗಲಿ ಅಂತ ಈ ನಿಯಮ. ನ್ಯಾಯವಾದದ್ದೇ. ಜೂನ್ 9ರಂದು ತಂಗಿ ಅರ್ಜಿ ಹಾಕಿದಳು. ತೆರೆಯುವ ದಿನ ಜುಲೈ 9.

ಹೊರದೇಶಕ್ಕೆ ಹೋಗುವವರು, ಹೋದವರ ಮನೆಯವರು ಇದನ್ನು ಗಮನಿಸಿ. ಸಿಮ್ ಬಿಡುವ ಮುಂಚೆ ಯಾವ ಯಾವ ಖಾತೆಗೆ ಆ ನಂಬರ್ ಕೊಟ್ಟಿದ್ದೀರಿ ನೋಡಿಕೊಳ್ಳಿ. ಬ್ಯಾಂಕಿನದು ಎಲ್ಲರೂ ನೋಡಿಕೊಳ್ಳುತ್ತಾರೆ, ಇದು ಮರೆತುಹೋಗುತ್ತದೆ.

ಆ 30 ದಿನ ದೊಡ್ಡದು. ಎಸ್‌ಎಸ್‌ಡಿಯನ್ನು ಅದರ ಡಬ್ಬಿಯಲ್ಲೇ ಇಟ್ಟು ದೇವರ ಮನೆಯ ಕಪಾಟಿನಲ್ಲಿ ಇಟ್ಟೆ, ಮಕ್ಕಳ ಕೈಗೆ ಸಿಗದ ಜಾಗ ಅದೊಂದೇ. ಕರೆಂಟು ಇಲ್ಲದೆ ಇಟ್ಟರೆ ಅದರಲ್ಲಿರುವುದು ಅಳಿಸಿಹೋಗುತ್ತದಂತೆ ಅಂತ ಯಾರೋ ಅಪ್ಪನಿಗೆ ಹೇಳಿದ್ದರು. ವರ್ಷಗಟ್ಟಲೆ ಬಿಟ್ಟರೆ ಆ ಭಯ ಇರುವುದು ಹೌದು. ಆದರೆ ಮನೆಬಳಕೆಯ ಎಸ್‌ಎಸ್‌ಡಿಗಳಿಗೆ ಜೆಡೆಕ್ ಅನ್ನುವ ಚಿಪ್ ಉದ್ಯಮದ ಸಂಸ್ಥೆ ಇಟ್ಟಿರುವ ಮಾನದಂಡದ ಪ್ರಕಾರ, ಬರೆಯುವ ಆಯಸ್ಸು ಪೂರ್ತಿ ಮುಗಿದ ಮೇಲೂ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಉಳಿಯಬೇಕು. ನಮ್ಮದು ಅಷ್ಟು ಸವೆದಿರಲಿಲ್ಲ. ಒಂದು ತಿಂಗಳಿಗೆ ಏನೂ ಆಗುವುದಿಲ್ಲ ಅಪ್ಪ ಅಂತ ಹೇಳಿ ಸಮಾಧಾನ ಮಾಡಿದೆ.

ಈ ನಡುವೆ ಒಬ್ಬ ಅಂಗಡಿಯವರು 12,000 ಕೊಟ್ಟರೆ ಡೇಟಾ ತೆಗೆದುಕೊಡುತ್ತೇವೆ ಅಂದರು. ಬಿಟ್‌ಲಾಕರ್ ಬೀಗ ಇದೆ ಅಂದ ಮೇಲೂ ನೋಡೋಣ ಬಿಡಿ ಅಂದರು. ನಾನು ಕೊಡಲಿಲ್ಲ. ಎನ್‌ಕ್ರಿಪ್ಟ್ ಆದ ಡಿಸ್ಕಿನಿಂದ ಕೀಲಿ ಇಲ್ಲದೆ ಚಿಪ್ ಬಿಚ್ಚಿ ಓದಿದರೂ ಸಿಗುವುದು ಅರ್ಥವಿಲ್ಲದ ಅಂಕಿಗಳು ಮಾತ್ರ. ಇನ್ನೊಬ್ಬರು ಫಾರ್ಮ್ಯಾಟ್ ಮಾಡಿದರೆ ಬೀಗ ಹೋಗುತ್ತದೆ ಅಂದರು. ಬೀಗ ಹೋಗುತ್ತದೆ ನಿಜ, ಜೊತೆಗೆ ಒಳಗಿರುವುದೂ ಹೋಗುತ್ತದೆ. ದಯವಿಟ್ಟು ಈ ಮಾತಿಗೆ ಯಾರೂ ಒಪ್ಪಬೇಡಿ.

ಅಪ್ಪ ಮೊದಲ ವಾರ ಏನೂ ಮಾತಾಡಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ 200 ಪುಟದ ಒಂದು ನೋಟ್‌ಬುಕ್ ತರಿಸಿಕೊಂಡು ಮೊದಲಿನಿಂದ ಕೈಯಲ್ಲಿ ಬರೆಯುತ್ತಾ ಕೂತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. 'ಹೋದ್ರೆ ಹೋಯ್ತು ಬಿಡು ಮಾರಾಯ್ತಿ, ತಲೇಲಿ ಇದೆಯಲ್ಲ' ಅಂದರು. ಆದರೆ ಸಂಜೆಯಾದರೆ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಗೀಟು ಹಾಕುತ್ತಿದ್ದರು.

ಜುಲೈ 9 ಬಂತು. ತಂಗಿ ಕೆಲಸ ಮುಗಿಸಿ ಮನೆಗೆ ಬರುವಾಗ ನಮಗೆ ರಾತ್ರಿ ಒಂಬತ್ತೂವರೆ. ವಿಡಿಯೊ ಕಾಲ್‌ನಲ್ಲಿ ಕೂತೆವು. ಈ ಸಲ ಕೋಡ್ ಅವಳ ಹೊಸ ನಂಬರಿಗೆ ಬಂತು. ಖಾತೆಯಲ್ಲಿ ಎರಡು ಕೀಲಿಗಳಿದ್ದವು, ಒಂದು ಅವಳ ಈಗಿನ ಲ್ಯಾಪ್‌ಟಾಪಿನದು. ಗೊಂದಲ ಬೇಡ: ಬೀಗದ ಪರದೆಯಲ್ಲಿ ಕೀ ಐಡಿ ಅಂತ ಒಂದು ಗುರುತು ತೋರಿಸುತ್ತದೆ. ಅದರ ಮೊದಲ ಎಂಟು ಅಕ್ಷರ ಯಾವುದಕ್ಕೆ ಹೊಂದುತ್ತದೋ ಅದೇ ನಿಮ್ಮ ಕೀಲಿ. ಆರಾರು ಅಂಕಿಯ ಎಂಟು ಗುಂಪು. ಅವಳು ಓದಿದಳು, ನಾನು ಒತ್ತಿದೆ, ಅಪ್ಪ ಕಾಗದದ ಮೇಲೆ ಬರೆದುಕೊಂಡರು. ಬೀಗ ತೆರೆಯಿತು. ಮೂರು ಜನಕ್ಕೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ತೆರೆದ ಕೂಡಲೇ ನಾನು ಮಾಡಿದ್ದು ನಕಲು. ಮನೆಯಲ್ಲಿದ್ದ ಹೊರಗಿನ ಹಾರ್ಡ್‌ಡಿಸ್ಕಿಗೆ 212 ಜಿಬಿ ಹೋಗಲು ಒಂದೂವರೆ ಗಂಟೆ ಹಿಡಿಯಿತು. ಯೂಸರ್ಸ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಅನ್ನುತ್ತದೆ, ಕಂಟಿನ್ಯೂ ಒತ್ತಿದರೆ ಬಿಡುತ್ತದೆ. ನಕಲಾದ ಅಪ್ಪನ ಬರಹ ಸರಿ ಇದೆಯಾ ಅಂತ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ತೆರೆದೆ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕಿ. ಕನ್ನಡ ಒಂದಕ್ಷರವೂ ಇಲ್ಲ. ಅಪ್ಪನ ಮುಖ ನೋಡಲು ಧೈರ್ಯ ಬರಲಿಲ್ಲ.

ಇದು ಹಾಳಾದದ್ದಲ್ಲ. ಅಪ್ಪ ಟೈಪ್ ಮಾಡುತ್ತಿದ್ದದ್ದು ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ. ಅದರಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ. ಹಳೆ ಡಿಸ್ಕಿನ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಇರುತ್ತದೆ. ಅಲ್ಲಿಂದ ನುಡಿಯ ಫಾಂಟುಗಳನ್ನು ತಂದು ಹಾಕಿದೆ. ಪುಟ ಕನ್ನಡವಾಯಿತು. ನುಡಿ ಅಥವಾ 'ಬರಹ' ತಂತ್ರಾಂಶದ ಹಳೆಯ ಕಡತ ಇರುವ ಎಲ್ಲರಿಗೂ ಇದು ಬೇಕಾಗುತ್ತದೆ. ಪುರುಸೊತ್ತಿದ್ದಾಗ ಅವನ್ನು ಈಗಿನ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ಓದಿ.

ನಕಲು ಸಿಕ್ಕಿದ ಮೇಲೆ ಅಲ್ಲಿಗೇ ಬಿಡಬಹುದಿತ್ತು. ಬರೀ ಫೈಲ್ ಬೇಕಿದ್ದವರು ಖಂಡಿತ ಅಲ್ಲಿಗೇ ಬಿಡಿ. ಆದರೆ ಅಪ್ಪನಿಗೆ ಅವರ ಡೆಸ್ಕ್‌ಟಾಪ್ ಇದ್ದ ಹಾಗೇ ಬೇಕು. ಯಾವ ಐಕಾನ್ ಎಲ್ಲಿದೆ ಅನ್ನುವುದರ ಮೇಲೆಯೇ ಅವರ ಕೆಲಸ ನಡೆಯುವುದು. ಹಾಗಾಗಿ ಹೊಸದರ ಎಸ್‌ಎಸ್‌ಡಿ ತೆಗೆದು ಹಳೆಯದನ್ನು ಅದರ ಜಾಗದಲ್ಲಿ ಕೂರಿಸಿದೆ.

ಆನ್ ಮಾಡಿದೆ. ಮತ್ತೆ 48 ಅಂಕಿ ಕೇಳಿತು, ಹೊಸ ಟಿಪಿಎಂ ಅಲ್ವಾ. ಕೊಟ್ಟೆ. ವಿಂಡೋಸ್ ಗುರುತು ಬಂದು, ನೀಲಿ ಪರದೆಯಾಗಿ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನಿಂತಿತು. ಇದಕ್ಕೆ ಒಂದು ದಿನ ಹೋಯಿತು. ಕಾರಣ, ಎರಡು ಲ್ಯಾಪ್‌ಟಾಪುಗಳೂ ಡಿಸ್ಕಿನ ಜೊತೆ ಮಾತಾಡುವ ರೀತಿ ಬೇರೆ. ಇಂಟೆಲ್ ಯಂತ್ರಗಳಲ್ಲಿ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಸ್ಟೋರೇಜ್ ಮೋಡ್ ಅಂತ ಇರುತ್ತದೆ: ಕೆಲವಲ್ಲಿ ರೇಡ್, ಆರ್‌ಎಸ್‌ಟಿ ಅಥವಾ ವಿಎಂಡಿ, ಕೆಲವಲ್ಲಿ ಎಎಚ್‌ಸಿಐ. ಹಳೆ ವಿಂಡೋಸಿಗೆ ಹೊಸ ಯಂತ್ರದ ಮೋಡ್‌ಗೆ ಬೇಕಾದ ಡ್ರೈವರ್ ಇರಲಿಲ್ಲ. ಬಯಾಸ್‌ನಲ್ಲಿ ರೇಡ್ ಇದ್ದದ್ದನ್ನು ಎಎಚ್‌ಸಿಐಗೆ ಬದಲಿಸಿದೆ. ಅಷ್ಟಕ್ಕೇ ಏಳಲಿಲ್ಲ. ಎರಡು ಮೂರು ಸಲ ಸೋತ ಮೇಲೆ ತಾನಾಗಿ ಬರುವ ರಿಪೇರಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡ್‌ಗೆ ಹೋದೆ. ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದರೆ ಬೇಕಾದ ಡ್ರೈವರ್ ಹಾಕಿಕೊಳ್ಳುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿದರೆ ಸರಿಯಾಗಿ ಎದ್ದಿತು. ನಡುವೆ ಇನ್ನೂ ಎರಡು ಸಲ 48 ಅಂಕಿ ಕೊಟ್ಟೆ. ಅಪ್ಪ ಬರೆದುಕೊಂಡ ಕಾಗದ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳಲಾರೆ.

ಲಾಗಿನ್ ಪರದೆಯಲ್ಲಿ ಅಪ್ಪನ ನಾಲ್ಕು ಅಂಕಿಯ ಪಿನ್ ನಡೆಯಲಿಲ್ಲ. ಪಿನ್ ಕೂಡ ಹಳೆ ಯಂತ್ರದ ಟಿಪಿಎಂಗೇ ಸೇರಿದ್ದು. ತಂಗಿಯ ಖಾತೆಯ ಪೂರ್ತಿ ಪಾಸ್‌ವರ್ಡ್ ಕೊಟ್ಟೆ, ಒಳಗೆ ಬಿಟ್ಟಿತು. ವೈಫೈ ಇಲ್ಲ, ಅದರ ಡ್ರೈವರ್ ಬೇರೆ. ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಉಳಿದ ಡ್ರೈವರುಗಳನ್ನು ತಾನೇ ತಂದುಕೊಂಡಿತು, ಒಂದು ಗಂಟೆ ಹಿಡಿಯಿತು. ಲೈಸೆನ್ಸ್ ಬಗ್ಗೆ ಹೆದರಿದ್ದೆ. ಲ್ಯಾಪ್‌ಟಾಪ್ ಜೊತೆ ಬರುವ ವಿಂಡೋಸ್ ಲೈಸೆನ್ಸ್ ಆ ಮದರ್‌ಬೋರ್ಡಿಗೇ ಸೇರಿದ್ದು, ಡಿಸ್ಕಿನ ಜೊತೆ ಬರುವುದಿಲ್ಲ. ಆದರೆ ಈ ಲ್ಯಾಪ್‌ಟಾಪಿಗೂ ಅದರದೇ ಹೋಮ್ ಲೈಸೆನ್ಸ್ ಇತ್ತು, ಡಿಸ್ಕಿನಲ್ಲಿ ಇದ್ದದ್ದೂ ಹೋಮ್. ನೆಟ್ ಬಂದ ಮೇಲೆ ತಾನೇ ಆಕ್ಟಿವೇಟ್ ಆಯಿತು. ನಿಮ್ಮದರಲ್ಲಿ ಒಂದು ಹೋಮ್, ಒಂದು ಪ್ರೊ ಇದ್ದರೆ ಕೊಳ್ಳುವಾಗಲೇ ಯೋಚಿಸಿ.

ಕೊನೆಗೆ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅಪ್ಪನ ಹೆಸರಿನಲ್ಲೇ ಒಂದು ಖಾತೆ ಮಾಡಿ, ನನ್ನ ನಂಬರನ್ನೂ ಅವರ ನಂಬರನ್ನೂ ಕೊಟ್ಟು, ಮತ್ತೆ ಆನ್ ಮಾಡಿದೆ. ಹೊಸ 48 ಅಂಕಿ ಈಗ ಮನೆಯ ಪತ್ರಗಳ ಫೈಲಿನಲ್ಲಿ, ರೇಷನ್ ಕಾರ್ಡಿನ ಹಿಂದೆ ಇದೆ.

ಒಟ್ಟು ಖರ್ಚು 22,540 ರೂಪಾಯಿ. ಅದರಲ್ಲಿ 650 ತಪ್ಪು ಡಬ್ಬಿಗೆ ಹೋದದ್ದು. ಹೊಸ ಲ್ಯಾಪ್‌ಟಾಪಿನಿಂದ ತೆಗೆದ ಎಸ್‌ಎಸ್‌ಡಿ ಈಗ 1,450ರ ಡಬ್ಬಿಯೊಳಗೆ ಇದೆ, ಪ್ರತಿ ಭಾನುವಾರ ಅಪ್ಪನ ಬರಹ ಅದಕ್ಕೆ ನಕಲಾಗುತ್ತದೆ.

ನಿನ್ನೆ ರಾತ್ರಿ ಅಪ್ಪ 140ನೇ ಪುಟಕ್ಕೆ ಹೋಗಿ ಕೂತರು. ನೋಟ್‌ಬುಕ್ಕನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಕೈಯಲ್ಲಿ ಎರಡನೇ ಸಲ ಬರೆದಾಗ ಮೊದಲು ಮರೆತಿದ್ದ ಒಬ್ಬ ಹುಡುಗನ ನೆನಪು ಬಂದಿದೆಯಂತೆ, ಮಳೆಗಾಲದಲ್ಲಿ ಹಳ್ಳ ದಾಟಿಕೊಂಡು ಬರುತ್ತಿದ್ದವನು. ಅವನನ್ನು ಯಾವ ಪುಟಕ್ಕೆ ಸೇರಿಸಲಿ ಅಂತ ನನ್ನನ್ನು ಕೇಳುತ್ತಿದ್ದರು.